ಹುಣಸೆಬೀಜದ ಲೆಕ್ಕ

ಓದುಗರ ಪತ್ರ, ಅಕ್ಕನ ಉತ್ತರ

ನಾಗರಪಂಚಮಿ ಮುಗಿಯಿತೆಂದರೆ ನನ್ನ ಅಂಚೆ ಭಾರವಾಗುತ್ತದೆ. ಅತ್ತ ಉಂಡಿ ಡಬ್ಬಿಯ ತಳ ಕಾಣುತ್ತದೆ, ಇತ್ತ ತೂಕದ ಪತ್ರಗಳು ಶುರು. ಈ ಸಲ ಗದಗಿನಿಂದ ಬಂದ ಪತ್ರವೊಂದು ಉದ್ದ ಇದೆ, ಅದಕ್ಕೆ ನನ್ನ ಉತ್ತರವೂ ಉದ್ದ ಆಗುವ ಲಕ್ಷಣ ಇದೆ. ಹಾಗಾಗಿ ಸಣ್ಣವನ್ನು ಮೊದಲು ಮುಗಿಸಿಬಿಡುತ್ತೇನೆ.

ಬೆಳಿಗ್ಗೆ ಬಿಸಿನೀರಿಗೆ ನಿಂಬೆಹಣ್ಣು, ಒಂದು ದೊಡ್ಡ ಚಮಚ ಜೇನು ಹಾಕಿ ಎರಡು ತಿಂಗಳಿಂದ ಕುಡಿಯುತ್ತಿದ್ದೇನೆ. ಕೊಬ್ಬು ಕರಗುತ್ತದೆಯೇ? — ಓದುಗ, ರಾಣೆಬೆನ್ನೂರು

ಕರಗುವುದಿಲ್ಲ. ಆ ಒಂದು ಚಮಚ ಜೇನಿನಲ್ಲೇ ಅರವತ್ತು ಕ್ಯಾಲೊರಿ ಇದೆ. ಬಿಸಿನೀರು ಹಿತ ಅನಿಸಿದರೆ ಕುಡಿಯಿರಿ, ನಿಂಬೆ ಹಿಂಡಿಕೊಳ್ಳಿ, ಜೇನಿನ ಬಾಟಲಿ ಮೊಮ್ಮಕ್ಕಳ ಚಪಾತಿಗೆ ಇರಲಿ.

ನನಗೆ 29 ವರ್ಷ, ಹುಬ್ಬಳ್ಳಿಯಲ್ಲಿ ಮೊಬೈಲ್ ಅಂಗಡಿ ಇದೆ. 118 ಕಿಲೋ ಇದ್ದೆ. ಡಾಕ್ಟರ್ ಬರೆದುಕೊಟ್ಟ ವಾರಕ್ಕೊಂದು ಇಂಜೆಕ್ಷನ್ ತಗೊಂಡು ಎಂಟು ತಿಂಗಳಲ್ಲಿ 101ಕ್ಕೆ ಬಂದಿದ್ದೇನೆ. ದುರ್ಗದಬೈಲಿನಲ್ಲಿ ಗೆಳೆಯರ ಜೊತೆ ನಿಂತರೆ ‘ನಿಂದೇನಲೇ, ರೊಕ್ಕಾ ಕೊಟ್ಟು ಇಳಿಸ್ಕೊಂಡಿ’ ಎನ್ನುತ್ತಾರೆ. ನನಗೂ ಹಾಗೇ ಅನಿಸತೊಡಗಿದೆ. ನಿಲ್ಲಿಸಿಬಿಡಲೇ? — ಓದುಗ, ಹುಬ್ಬಳ್ಳಿ

ತಮ್ಮಾ, ಗಿರ್ಮಿಟ್ ತಿನ್ನುತ್ತ ನಿಂತ ಗೆಳೆಯರ ಮಾತು ಕೇಳಿ ಔಷಧ ನಿಲ್ಲಿಸಬೇಡ. ನಿಲ್ಲಿಸುವುದಿದ್ದರೆ ಬರೆದುಕೊಟ್ಟ ಡಾಕ್ಟರನ್ನು ಕೇಳಿ ನಿಲ್ಲಿಸು.

ಇಂಥ ವಾರಕ್ಕೊಂದರ ಇಂಜೆಕ್ಷನ್‌ಗಳಲ್ಲಿ ಟಿರ್ಜೆಪಟೈಡ್ ಎಂಬುದು ನಮ್ಮ ದೇಶದ ಮಾರುಕಟ್ಟೆಗೆ ಬಂದದ್ದು 2025ರ ಮಾರ್ಚ್‌ನಲ್ಲಿ. ತೂಕಕ್ಕೆಂದೇ ಕೊಡುವ ಸೆಮಾಗ್ಲುಟೈಡ್ ಇಂಜೆಕ್ಷನ್ ಅದೇ ವರ್ಷ ಜೂನ್‌ನಲ್ಲಿ ಬಂತು. ಊಟವಾದ ಮೇಲೆ ನಮ್ಮ ಕರುಳು ತಾನೇ ಬಿಡುವ ‘ಸಾಕು’ ಎಂಬ ಸಂದೇಶವನ್ನು ಇವು ಅನುಕರಿಸುತ್ತವೆ, ಹೆಚ್ಚು ಹೊತ್ತು ಉಳಿಸುತ್ತವೆ. ಕೆಲವರಿಗೆ ಹುಟ್ಟಿನಿಂದಲೇ ಆ ಸಂದೇಶ ಜೋರಾಗಿ ಕೇಳಿಸುತ್ತದೆ, ಕೆಲವರಿಗೆ ಕೇಳಿಸುವುದೇ ಇಲ್ಲ. ಕೇಳಿಸುವವರು ಕೇಳಿಸದವರಿಗೆ ‘ನಿನಗ ಮನಸ್ಸಿನ ಗಟ್ಟಿತನ ಇಲ್ಲ’ ಅನ್ನುವುದು ನಾನು ಮೂವತ್ತು ವರ್ಷದಿಂದ ನೋಡುತ್ತಿರುವ ತಮಾಷೆ. ವಾಕರಿಕೆ ಬಂದು ರಾತ್ರಿಯೆಲ್ಲ ಕೂತ ದಿನಗಳು ನಿನಗೂ ಇರಬೇಕು, ಪತ್ರದಲ್ಲಿ ಬರೆದಿಲ್ಲ ಅಷ್ಟೆ. ಒಂದು ಎಚ್ಚರಿಕೆ ಮಾತ್ರ ಇದೆ. ಸೆಮಾಗ್ಲುಟೈಡ್ ನಿಲ್ಲಿಸಿದವರನ್ನು ಗಮನಿಸಿದ 2022ರ ಒಂದು ಅಧ್ಯಯನದಲ್ಲಿ, ಇಳಿದ ತೂಕದ ಮೂರರಲ್ಲಿ ಎರಡು ಪಾಲು ಒಂದೇ ವರ್ಷದಲ್ಲಿ ವಾಪಸ್ ಬಂದಿತ್ತು. ಅದಕ್ಕೇ ಕಾಳು, ಮೊಸರು, ತತ್ತಿ ತಿನ್ನುವುದನ್ನು, ಸ್ವಲ್ಪ ಭಾರ ಎತ್ತುವ ವ್ಯಾಯಾಮವನ್ನು ಈಗಲೇ ರೂಢಿ ಮಾಡಿಕೋ. ಬರೀ ಕೊಬ್ಬಲ್ಲ, ಮಾಂಸಖಂಡವೂ ಜೊತೆಗೇ ಹೋಗುತ್ತಿರುತ್ತದೆ.

ನನಗೆ 63 ವರ್ಷ. ಬೆಂಗಳೂರಿನಿಂದ ಸೊಸೆ ಹಬ್ಬಕ್ಕೆ ಬಂದಳು. ಹತ್ತು ಕಿಲೋ ಕಡಿಮೆ ಆಗಿದ್ದಾಳೆ. ‘ಯಾಕವಾ ಹಿಂಗ ಸೊರಗಿ? ನನ್ನ ಮಗ ಉಣ್ಣಾಕ ಹಾಕೂದಿಲ್ಲೇನು?’ ಎಂದು ಎಲ್ಲರ ಮುಂದೆ ಪ್ರೀತಿಯಿಂದಲೇ ಕೇಳಿದೆ. ಒಳಗೆ ಹೋಗಿ ಅತ್ತಳಂತೆ. ನಾನು ಅಂದದ್ದರಲ್ಲಿ ತಪ್ಪೇನಿದೆ? — ಓದುಗಿ, ಹಾವೇರಿ

ಅಕ್ಕಾರ, ನಿಮ್ಮ ಮನಸ್ಸಿನಲ್ಲಿ ತಪ್ಪಿಲ್ಲ. ತಪ್ಪಿದ್ದು ‘ಎಲ್ಲರ ಮುಂದೆ’ ಅಂತ ನೀವೇ ಬರೆದಿದ್ದೀರಲ್ಲ, ಅಲ್ಲಿ. ತಾನಾಗಿ ತೂಕ ಇಳಿದಿದ್ದರೆ ಡಾಕ್ಟರಿಗೆ ತೋರಿಸಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಹಾಗಾಗಿ ಕೇಳಬೇಕಾದದ್ದೇ, ಆದರೆ ಅಡಿಗೆಮನೆಯಲ್ಲಿ, ಇಬ್ಬರೇ ಇದ್ದಾಗ: ‘ಇಳದೈತೋ, ನೀನ ಇಳಿಸೀಯೋ?’ ಈ ಎರಡು ಮಾತಿನ ನಡುವೆ ನಮ್ಮ ಭಾಷೆಯಲ್ಲಿ ಒಂದೇ ಅಕ್ಷರದ ಅಂತರ. ಆ ಹುಡುಗಿಗೆ ಅದು ಒಂದು ವರ್ಷದ ಅಂತರ. ‘ನಾನ ಇಳಿಸೀನಿ ಅತ್ತಿ’ ಅಂದರೆ ‘ಭಾಳ ಕಷ್ಟಪಟ್ಟಿರಬೇಕು’ ಅಂದುಬಿಡಿ. ಅಷ್ಟಕ್ಕೇ ಅವಳು ನಿಮ್ಮವಳಾಗುತ್ತಾಳೆ. ಹೋಳಿಗೆ ಬೇಕಾದರೆ ಅರ್ಧ ತಿನ್ನುತ್ತಾಳೆ.

ಇನ್ನು ಗದಗಿನ ಪತ್ರ. ಸ್ವಲ್ಪ ಕತ್ತರಿಸಿ ಕೊಟ್ಟಿದ್ದೇನೆ.

ಅಕ್ಕಾ, ನನಗೆ 36 ವರ್ಷ. ಒಂದು ಪತ್ತಿನ ಸಹಕಾರಿ ಸಂಘದಲ್ಲಿ ಕೌಂಟರ್ ಕೆಲಸ. ಎತ್ತರ ಐದಡಿ ಎರಡಿಂಚು. ಹೋದ ವರ್ಷ ಏಪ್ರಿಲ್‌ನಲ್ಲಿ ನನ್ನ ತೂಕ 91 ಕಿಲೋ. ಮೂರು ತಿಂಗಳ ಸಕ್ಕರೆ ಸರಾಸರಿ ನೋಡುವ ಪರೀಕ್ಷೆಯಲ್ಲಿ 6.2 ಬಂತು. ‘ಅಂಚಿನ್ಯಾಗ ನಿಂತೀರಿ’ ಎಂದರು ಡಾಕ್ಟರ್. ನಮ್ಮ ಅಪ್ಪ ಶುಗರಿನಿಂದ ಕಾಲಿನ ಎರಡು ಬೆರಳು ಕಳೆದುಕೊಂಡವರು. ಅವರ ಕಾಲಿಗೆ ಪಟ್ಟಿ ಕಟ್ಟಿದವಳು ನಾನೇ. ಅಂದೇ ನಿಶ್ಚಯ ಮಾಡಿದೆ.

ಮೊದಲ ವಾರ ಭೀಷ್ಮಕೆರೆ ಕಡೆ ನಡೆಯಲು ಹೋದೆ. ಬೈಕಿನ ಮೇಲೆ ಬಂದ ಹುಡುಗರು ‘ರೋಡ್ ರೋಲರ್ ಬಂತು, ಸರೀರಲೇ’ ಅಂದು ನಕ್ಕರು. ಮರುದಿನದಿಂದ ಮಾಳಿಗೆ ಮೇಲೆ ಶುರು ಮಾಡಿದೆ. ಪೌಣೆ ಐದಕ್ಕೆ ಏಳುತ್ತೇನೆ. ಕೆಳಗೆ ಅತ್ತೆ ಮಲಗಿರುತ್ತಾರೆ, ಚಪ್ಪಲಿ ಸಪ್ಪಳ ಆಗಬಾರದೆಂದು ಸಾಕ್ಸ್ ಹಾಕಿಕೊಂಡು ನಡೆಯುತ್ತೇನೆ. ನೀರಿನ ಟ್ಯಾಂಕ್ ಸುತ್ತಿ ಬಂದರೆ ಅರವತ್ತು ಹೆಜ್ಜೆ. ಎಣಿಕೆ ತಪ್ಪುತ್ತದೆಂದು ನೂರು ಹುಣಸೆಬೀಜ ಇಟ್ಟುಕೊಂಡಿದ್ದೇನೆ. ಒಂದು ಸುತ್ತಿಗೆ ಒಂದು ಬೀಜ ಈ ವಾಟೆಯಿಂದ ಆ ವಾಟೆಗೆ. ಮೊದಲ ತಿಂಗಳು ಮೂವತ್ತು ಬೀಜಕ್ಕೇ ಏದುಸಿರು ಬರುತ್ತಿತ್ತು. ಆಮೇಲೆ ನೂರೂ ಮುಗಿಸತೊಡಗಿದೆ. ನಮ್ಮ ಓಣಿಗೆ ಎಂಟು ದಿನಕ್ಕೊಮ್ಮೆ ನೀರು ಬಿಡುತ್ತಾರೆ. ಆ ದಿನ ನಡೆಯುವುದಿಲ್ಲ, ಕೊಡ ಹೊರುವುದೇ ವ್ಯಾಯಾಮ.

ಹದಿನಾರು ತಿಂಗಳಾಯಿತು. ಈಗ 68 ಕಿಲೋ. ಸಕ್ಕರೆ 5.6ಕ್ಕೆ ಇಳಿದಿದೆ. ಖುಷಿಪಡಬೇಕು, ಹೌದಲ್ಲ? ಆದರೆ ಮೇ ತಿಂಗಳಲ್ಲಿ ಹುಬ್ಬಳ್ಳಿಯ ಮದುವೆಯೊಂದರಲ್ಲಿ ಬಳಗದ ಒಬ್ಬರು ಪಂಕ್ತಿಯಲ್ಲಿ ಕೂತು ನಮ್ಮವ್ವನಿಗೆ ಕೇಳುವಂತೆ ‘ಮಗಳಿಗೆ ಶುಗರ್ ಬಂತೇನ್ರಿ? ಮಾರಿ ಎಲ್ಲಾ ಬತ್ತೇತಲ್ಲ’ ಅಂದರು. ಅವ್ವ ಮನೆಗೆ ಬಂದು ಅತ್ತಳು. ಆಫೀಸಿನಲ್ಲಿ ‘ಯಾವ ಪೌಡರ್?’, ‘ಇಂಜೆಕ್ಷನ್ ಏನ?’ ಅನ್ನುತ್ತಾರೆ. ಹುಟ್ಟುಹಬ್ಬದ ಪೇಡೆ ತಿನ್ನದಿದ್ದರೆ ‘ದೊಡ್ಡಾಕಿ ಆಗ್ಯಾಳ ಈಕಿ’. ಅದಕ್ಕೇ ಪೇಡೆಯನ್ನು ಕಾಗದದಲ್ಲಿ ಸುತ್ತಿ ಡ್ರಾಯರಿನಲ್ಲಿ ಇಡುತ್ತೇನೆ, ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಯಾರಿಗಾದರೂ ಕೊಡುತ್ತೇನೆ. ಮೊದಲು ‘ಎಷ್ಟ ದಪ್ಪ ಆಗೀ’ ಅಂದವರೂ ಇವರೇ. ಅತ್ತೆ ಬಯ್ಯುವುದಿಲ್ಲ. ಪಂಚಮಿಗೆ ಬಂದವರಿಗೆಲ್ಲ ‘ನಮ್ಮ ಸೊಸಿ ಅಳತಿ ಮಾಡಿ ತಿಂತಾಳ್ರಿ’ ಎಂದು ನಗುತ್ತ ಹೇಳಿದರು. ಆ ನಗು ಬೈಗುಳಕ್ಕಿಂತ ನೋಯಿಸಿತು. ಹಟ ಬಿಟ್ಟು ಮೂರು ದಿನ ಎಲ್ಲರ ಹಾಗೆ ಉಂಡೆ, ಜೋಕಾಲಿ ಆಡಿದೆ. ನಾಲ್ಕನೇ ದಿನ ತಕ್ಕಡಿ 69.4 ತೋರಿಸಿತು. ಸ್ನಾನದ ಮನೆಯಲ್ಲಿ ಕೂತು ಅತ್ತೆ.

ನಾನು ಮಾಡಿದ್ದರಲ್ಲಿ ತಪ್ಪೇನು? ಜೂನ್‌ನಿಂದ ಅದೇ ಊಟ, ಅದೇ ನೂರು ಬೀಜ, ಆದರೆ ತೂಕ 68ಕ್ಕೇ ಯಾಕೆ ನಿಂತಿದೆ? ಕೂದಲು ಹಿಡಿಹಿಡಿ ಉದುರುತ್ತಿದೆ. ಕೊನೆಯದು ಸಣ್ಣ ಪ್ರಶ್ನೆ, ನಗಬೇಡಿ: ಹದಿನಾಲ್ಕು ಕುಪ್ಪಸ ದೊಗಳೆಯಾಗಿವೆ. ಫಿಟಿಂಗ್ ಮಾಡಿಸಲೋ, ಕೊಟ್ಟುಬಿಡಲೋ? — ಓದುಗಿ, ಗದಗ-ಬೆಟಗೇರಿ

ತಂಗಿ, ನಿನ್ನ ಪತ್ರ ಓದುತ್ತ ಹುಣಸೆಬೀಜದ ಹತ್ತಿರ ನಿಂತುಬಿಟ್ಟೆ. ಕಾಗದ ಪೆನ್ನು ತಗೊಂಡು ಲೆಕ್ಕ ಹಾಕಿದೆ. ನೂರು ಬೀಜಕ್ಕೆ ಆರು ಸಾವಿರ ಹೆಜ್ಜೆ. ನೀರು ಬಿಡುವ ದಿನ, ಹಬ್ಬ ಹುಣ್ಣಿಮೆ ಕಳೆದು ತಿಂಗಳಿಗೆ ಇಪ್ಪತ್ತೈದು ದಿನ ಹಿಡಿದೆ. ಏದುಸಿರಿನ ಮೊದಲ ತಿಂಗಳು ಬಿಟ್ಟು ಹದಿನೈದು ತಿಂಗಳಿಗೆ ಇಪ್ಪತ್ತೆರಡೂವರೆ ಲಕ್ಷ ಹೆಜ್ಜೆ ಆಯಿತು. ಹೆಜ್ಜೆಗೆ ಎರಡಡಿ ಅಂದರೂ ಸಾವಿರದ ಮುನ್ನೂರು ಕಿಲೋಮೀಟರ್ ಮೇಲಾಗುತ್ತದೆ. ಹುಬ್ಬಳ್ಳಿಯಿಂದ ಮುಂಬಯಿಗೆ ನಡೆದು ಹೋಗಿ, ನಡೆದೇ ವಾಪಸ್ ಬಂದರೂ ಇನ್ನೂ ಉಳಿಯುತ್ತದೆ. ಪಂಢರಪುರಕ್ಕೆ ಪಾದಯಾತ್ರೆ ಹೋದವರಿಗೆ ನಾವು ಕಾಲು ತೊಳೆದು ಹೂವು ಹಾಕುತ್ತೇವೆ. ನೀನು ಸಾಕ್ಸ್ ಹಾಕಿಕೊಂಡು, ಕತ್ತಲಲ್ಲಿ, ಅತ್ತೆಗೆ ಎಚ್ಚರ ಆಗದಂತೆ ನೀರಿನ ಟ್ಯಾಂಕು ಸುತ್ತಿದೆ. ನೋಡಿದವರು ಯಾರು? ಅದಕ್ಕೇ ಪೌಡರ್ ಯಾವುದು ಅಂತ ಕೇಳುತ್ತಾರೆ. ಕಾಣದ ದುಡಿಮೆಗೆ ಜನ ತಾವೇ ಒಂದು ಕಾರಣ ಹುಡುಕಿಕೊಳ್ಳುತ್ತಾರೆ. ಪೌಡರ್, ಇಂಜೆಕ್ಷನ್, ಶುಗರ್, ಇಲ್ಲವೇ ಮನೆಯಲ್ಲಿ ಜಗಳ.

ನಿಜ ಹೇಳಬೇಕೆಂದರೆ ನಡೆಯುವುದು ಇದರಲ್ಲಿ ಹಗುರವಾದ ಕೆಲಸ. ಒಂದು ತಾಸಿನದು, ಮುಗಿಯುತ್ತದೆ. ಮುಗಿಯದೇ ಇರುವುದು ಉಳಿದ ಹೊತ್ತಿನ ‘ಬ್ಯಾಡ್ರಿ’. ಚಹಾಕ್ಕೆ ಸಕ್ಕರಿ ಬ್ಯಾಡ್ರಿ. ಇನ್ನೊಂದು ರೊಟ್ಟಿ ಬ್ಯಾಡ್ರಿ. ಆ ರೊಟ್ಟಿಯ ಮೇಲೆ ಬೆಣ್ಣಿ ಬ್ಯಾಡ್ರಿ. ನಮ್ಮ ಕಡೆ ಊಟಕ್ಕೆ ಕೂತವರು ಒಮ್ಮೆ ‘ಬ್ಯಾಡ’ ಅಂದರೆ ಅದು ‘ಹಾಕ್ರಿ’ ಅಂತಲೇ ಲೆಕ್ಕ. ಮೂರನೇ ಸಲ ತಾಟಿಗೆ ಕೈ ಅಡ್ಡ ಹಿಡಿದಾಗಲೇ ಬಡಿಸುವವರಿಗೆ ನಂಬಿಕೆ ಬರುವುದು. ದಿನಕ್ಕೆ ಹತ್ತು ಸಲ ಕೈ ಅಡ್ಡ ಹಿಡಿಯುವವಳ ಆಯಾಸ ಯಾವ ಹೆಜ್ಜೆ ಎಣಿಸುವ ಗಡಿಯಾರದಲ್ಲೂ ಬರುವುದಿಲ್ಲ. ಎಣ್ಣಿಗಾಯಿಗೆ ಒಂದು ದೊಡ್ಡ ಚಮಚ ಎಣ್ಣೆ ಕಡಿಮೆ ಹಾಕಿದರೆ ನೂರಿಪ್ಪತ್ತು ಕ್ಯಾಲೊರಿ ಉಳಿಯಿತು, ಸರಿ. ಆದರೆ ‘ಇವತ್ತ ಪಲ್ಯ ಸಪ್ಪಗ ಆಗೇದಲ್ಲ’ ಎಂಬ ಮಾತಿಗೆ ಏನೂ ಆಗದವಳ ಹಾಗೆ ನೀರಿನ ತಂಬಿಗೆ ಮುಂದಿಡುವುದಕ್ಕೆ ಎಷ್ಟು ಕ್ಯಾಲೊರಿ ಬೇಕು, ಹೇಳು?

ಇದನ್ನೆಲ್ಲ ನಾನು ಪುಸ್ತಕ ಓದಿ ಹೇಳುತ್ತಿಲ್ಲ. ಧಾರವಾಡದಲ್ಲಿ ಗೃಹವಿಜ್ಞಾನ ಓದಿ, ಆಹಾರದ ಸಲಹೆ ಕೊಡುವ ಕೆಲಸಕ್ಕೆ ಸೇರಿದವಳು ನಾನು. ಮೊದಲ ಹದಿನೈದು ವರ್ಷ ನನ್ನ ಮುಂದೆ ಬಂದು ಕೂತ ಹೆಣ್ಣುಮಕ್ಕಳಿಗೆ ‘ಬಾಯಿ ಕಟ್ಟಿದ್ರ ಆತು, ಮತ್ತೇನಿಲ್ಲ’ ಅಂತ ಎಷ್ಟು ಸಲ ಹೇಳಿದೆನೋ. ಒಬ್ಬ ಹೆಂಗಸು ನೆನಪಿದ್ದಾರೆ. ಮೂರು ತಿಂಗಳಿಗೊಮ್ಮೆ ಸವದತ್ತಿ ಕಡೆಯಿಂದ ಬಸ್ಸಿಗೆ ಬರುತ್ತಿದ್ದರು, ಪ್ರತಿ ಸಲ ಅರ್ಧ ಕಿಲೋ ಅತ್ತ ಇಲ್ಲವೇ ಇತ್ತ. ‘ನೀವು ಮನಸ್ಸ ಮಾಡವಲ್ಲಿರಿ’ ಅಂದೆ. ಅವರು ಕೈಚೀಲದ ಬಾಯಿಯ ದಾರ ಬಿಗಿದು ಎದ್ದು ಹೋದರು, ಮತ್ತೆ ಬರಲಿಲ್ಲ. 2006ರಲ್ಲಿ, ನನ್ನ 41ನೇ ವಯಸ್ಸಿನಲ್ಲಿ, ಮಂಡಿನೋವಿಗೆ ನಾನೇ 84 ಕಿಲೋದಿಂದ ಇಳಿಸಲು ಹೊರಟಾಗ ಆ ಕೈಚೀಲದ ದಾರ ದಿನಾ ನೆನಪಾಗುತ್ತಿತ್ತು. ಹದಿನಾರು ತಿಂಗಳಿಗೆ 65ಕ್ಕೆ ಬಂದೆ. ನಿನ್ನಷ್ಟೇ ತಿಂಗಳು, ನೋಡು. ಮುಂದಿನದನ್ನು ಆಮೇಲೆ ಹೇಳುತ್ತೇನೆ.

ಈಗ ನಿಂತ ತೂಕದ ಮಾತು. ಮೊದಲು 69.4ರ ಭಯ ಬಿಡಿಸುತ್ತೇನೆ. ಒಂದು ಕಿಲೋ ಕೊಬ್ಬು ಮೈಗೆ ಹತ್ತಬೇಕಾದರೆ ಬೇಕಾದದ್ದಕ್ಕಿಂತ ಸುಮಾರು 7,700 ಕ್ಯಾಲೊರಿ ಹೆಚ್ಚು ತಿನ್ನಬೇಕು. 1.4 ಕಿಲೋಕ್ಕೆ ಹತ್ತು ಸಾವಿರದ ಮೇಲೆ. ಒಂದು ಸಾಧಾರಣ ಶೇಂಗಾ ಉಂಡಿಯಲ್ಲಿ ಇನ್ನೂರು ಕ್ಯಾಲೊರಿ ಅಂತ ಹಿಡಿ. ಮೂರು ದಿನದಲ್ಲಿ, ಊಟ ಬಿಟ್ಟು, ಐವತ್ತು ಉಂಡಿ ತಿಂದೆಯಾ? ಇಲ್ಲ. ಅದು ಬಹುಪಾಲು ನೀರು. ಅಳ್ಳು, ಉಂಡಿ, ಬೆಲ್ಲ ತಿಂದಾಗ ದೇಹ ಸಕ್ಕರೆಯನ್ನು ಯಕೃತ್ತು, ಮಾಂಸಖಂಡಗಳಲ್ಲಿ ಕೂಡಿಡುತ್ತದೆ. ಹಾಗೆ ಕೂಡಿಟ್ಟ ಒಂದು ಗ್ರಾಂ ತನ್ನ ಜೊತೆ ಸುಮಾರು ಮೂರು ಗ್ರಾಂ ನೀರು ಹಿಡಿದುಕೊಳ್ಳುತ್ತದೆ. ಉಪ್ಪಿನದೂ ಒಂದಷ್ಟು ಸೇರುತ್ತದೆ. ವಾರ ಹತ್ತು ದಿನದಲ್ಲಿ ತಾನೇ ಇಳಿಯುತ್ತದೆ. ನೀನು ಶುರು ಮಾಡಿದ ಮೊದಲ ವಾರ ಸರಸರ ಇಳಿದಿತ್ತಲ್ಲ, ಅದೂ ಇದೇ ನೀರು. ಅವತ್ತು ಹಿಗ್ಗಿದ್ದೆ, ಇವತ್ತು ಅತ್ತೆ. ತಕ್ಕಡಿಗೆ ಎರಡೂ ಗೊತ್ತಿಲ್ಲ.

68ಕ್ಕೆ ನಿಂತದ್ದಕ್ಕೆ ಕಾರಣ ಬೇರೆ. ನೀನು ಇಳಿಸಿದ್ದು 23 ಕಿಲೋ, ಅಂದರೆ ತುಂಬಿದ ಎರಡು ಕೊಡದ ಭಾರ. ಎರಡೂ ಬಗಲಿಗೆ ಒಂದೊಂದು ತುಂಬಿದ ಕೊಡ ಹೊತ್ತು ಟ್ಯಾಂಕು ಸುತ್ತುವುದಕ್ಕೂ, ಬರಿಗೈಲಿ ಸುತ್ತುವುದಕ್ಕೂ ಒಂದೇ ಶಕ್ತಿ ಸಾಕೇ? ಹೋದ ವರ್ಷದ ನೂರು ಬೀಜ, ಈ ವರ್ಷದ ನೂರು ಬೀಜ ಒಂದೇ ಅಲ್ಲ. ಸುಮ್ಮನೆ ಕೂತಾಗಲೂ ಅಷ್ಟೆ, ಚಿಕ್ಕ ದೇಹದ ಖರ್ಚು ಚಿಕ್ಕದು. ಇಷ್ಟು ತೂಕ ಇಳಿದವರಿಗೆ ಸುಮ್ಮನೆ ಕೂತಾಗಿನ ಖರ್ಚಿಗೇ ದಿನಕ್ಕೆ ಇನ್ನೂರರಿಂದ ಇನ್ನೂರೈವತ್ತು ಕ್ಯಾಲೊರಿ ಕಡಿಮೆ ಸಾಕಾಗುತ್ತದೆ. ನಮ್ಮ ಲೆಕ್ಕದಲ್ಲಿ ಬೆಣ್ಣೆ ಹಚ್ಚಿದ ಒಂದು ಜೋಳದ ರೊಟ್ಟಿ.

ಅದರ ಮೇಲೆ ದೇಹದ್ದೇ ಒಂದು ಹಟ ಇದೆ. ಇಳಿಸಿದ ತೂಕವನ್ನು ಅದು ಕಳವಾದ ಗಂಟು ಅಂತ ತಿಳಿಯುತ್ತದೆ, ವಾಪಸ್ ತರಲು ನೋಡುತ್ತದೆ. ಅಮೆರಿಕದ ಟಿವಿ ಸ್ಪರ್ಧೆಯೊಂದರಲ್ಲಿ ಭಾರಿ ತೂಕ ಇಳಿಸಿದ 14 ಜನರನ್ನು ಆರು ವರ್ಷದ ಮೇಲೆ ಪರೀಕ್ಷಿಸಿ 2016ರಲ್ಲಿ ವರದಿ ಬರೆದರು. ಅವರ ದೇಹ ಆ ಗಾತ್ರದವರಿಗೆ ಬೇಕಾದದ್ದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆ ಖರ್ಚು ಮಾಡುತ್ತಿತ್ತು, ಆರು ವರ್ಷದ ನಂತರವೂ. ಮೆಲ್ಬರ್ನ್‌ನಲ್ಲಿ ಹತ್ತು ವಾರ ಬಿಗಿ ಪಥ್ಯ ಮಾಡಿದವರ ರಕ್ತದಲ್ಲಿ ಹಸಿವು ಹೆಚ್ಚಿಸುವ ಹಾರ್ಮೋನುಗಳು ಒಂದು ವರ್ಷವಾದರೂ ಮೊದಲಿನ ಮಟ್ಟಕ್ಕೆ ಬಂದಿರಲಿಲ್ಲ. ಇದು 2011ರ ವರದಿ. ನಿನಗೆ ರಾತ್ರಿ ಹತ್ತಕ್ಕೆ ಹಸಿವಾಗುತ್ತದೆಯಲ್ಲ (ಬರೆದಿಲ್ಲ, ಆಗುತ್ತದೆ ಅಂತ ನನಗೆ ಗೊತ್ತು), ಅದು ಬಾಯಿಚಪಲ ಅಲ್ಲ.

ಹಾಗಂತ ಇನ್ನೂ ಒಂದು ರೊಟ್ಟಿ ಕಡಿಮೆ ಮಾಡು ಅನ್ನುವುದಿಲ್ಲ. 68ರಲ್ಲಿ ನಿಂತಿರುವುದೂ ಈಗ ನಿನ್ನ ದುಡಿಮೆಯೇ. ತೂಕದ ಚಾರ್ಟು ಹಿಡಿದು ಕೂತರೆ ನಮ್ಮ ದೇಶದ ಲೆಕ್ಕದಲ್ಲಿ ನೀನು ಈಗಲೂ ‘ಸ್ಥೂಲ’ದ ಖಾನೆಯಲ್ಲೇ ಬರುತ್ತೀ, ಎತ್ತರಕ್ಕೆ ತಕ್ಕ ತೂಕ ಅಳೆಯುವ ಬಿಎಂಐ ಅಂಕಿಗೆ ಇಲ್ಲಿ 25ಕ್ಕೇ ಆ ಗೆರೆ ಎಳೆದಿದ್ದಾರೆ, ನಿನ್ನದು ಹತ್ತಿರಹತ್ತಿರ ಇಪ್ಪತ್ತೇಳೂವರೆ. ಇರಲಿ. ಮಧುಮೇಹದ ಅಂಚಿನಲ್ಲಿದ್ದವರ ಮೇಲೆ ಅಮೆರಿಕದಲ್ಲಿ ನಡೆದ ದೊಡ್ಡ ಅಧ್ಯಯನದಲ್ಲಿ (2002) ಗುರಿ ಇಟ್ಟುಕೊಂಡದ್ದು ಬರೀ ಶೇಕಡಾ 7ರಷ್ಟು ತೂಕ ಇಳಿಸುವುದು, ವಾರಕ್ಕೆ ನೂರೈವತ್ತು ನಿಮಿಷ ನಡೆಯುವುದು. ಅಷ್ಟರಿಂದಲೇ ಮಧುಮೇಹ ಬರುವುದು ಶೇಕಡಾ 58 ಕಡಿಮೆಯಾಯಿತು. ನೀನು ಇಳಿಸಿದ್ದು ನಾಲ್ಕರಲ್ಲಿ ಒಂದು ಪಾಲು. ಅಪ್ಪನ ಕಾಲಿನ ಪಟ್ಟಿ ನೆನೆದು ನೀನು ನಿಶ್ಚಯ ಮಾಡಿದ್ದು 5.6ನ್ನೇ ಹೊರತು 60 ಕಿಲೋವನ್ನಲ್ಲ. ಆರು ತಿಂಗಳು ಇಲ್ಲೇ ನಿಲ್ಲು. ನೂರು ಬೀಜದಲ್ಲಿ ಎಪ್ಪತ್ತು ಸಾಕು, ಉಳಿದ ಹೊತ್ತು ಎರಡು ನೀರಿನ ಬಾಟಲಿ ಹಿಡಿದು ಎತ್ತಿ ಇಳಿಸು, ಗೋಡೆಗೆ ಕೈ ಊರಿ ತಳ್ಳು, ಕಟ್ಟೆಯ ಮೇಲೆ ಕೂತು ಏಳು. ಮಾಂಸಖಂಡ ಉಳಿದರೆ ದೇಹದ ಕ್ಯಾಲೊರಿ ಖರ್ಚೂ ತೀರ ಇಳಿಯುವುದಿಲ್ಲ.

ಕೂದಲಿಗೆ ಹೆದರಬೇಡ. ಜೋರಾಗಿ ತೂಕ ಇಳಿದ ಎರಡು ಮೂರು ತಿಂಗಳಿಗೆ ಹೀಗೆ ಉದುರುವುದುಂಟು, ಸಾಮಾನ್ಯವಾಗಿ ಆರು ತಿಂಗಳಲ್ಲಿ ನಿಂತು ಮತ್ತೆ ಬರುತ್ತದೆ. ಆದರೂ ಒಮ್ಮೆ ಥೈರಾಯ್ಡ್, ರಕ್ತದ ಕಬ್ಬಿಣಾಂಶ ನೋಡಿಸು. ಮಡಕಿ, ಹೆಸರು, ಕಡಲಿ ಉಸುಳಿ ದಿನಾ ಎರಡು ಹೊತ್ತು ತಾಟಿನಲ್ಲಿರಲಿ. ಎಣ್ಣೆ, ಶಾಂಪೂ ಬದಲಿಸಿ ದುಡ್ಡು ಕಳೆಯಬೇಡ.

ಈಗ ಜನ. ನಮ್ಮ ಸೀಮೆಯಲ್ಲಿ ‘ಮೈ ಕೈ ತುಂಬಿಕೊಂಡಾಳ’ ಅಂದರೆ ಹೊಗಳಿಕೆ, ‘ಸೊರಗ್ಯಾಳ’ ಅಂದರೆ ಮರುಕ. 1972ರ ಬರ ನೋಡಿದ ಮುದುಕಿಯರು ಈಗಲೂ ಮನೆಗೆ ಬಂದವರ ಮುಖಕ್ಕಿಂತ ಮೊದಲು ತೋಳು ನೋಡುತ್ತಾರೆ. ನಿಮ್ಮವ್ವ ಅತ್ತದ್ದು ಆ ಲೆಕ್ಕದ ಅಳು. ಅವಳ ಕೈಯಲ್ಲಿ ಎರಡೂ ರಿಪೋರ್ಟ್ ಕೊಡು, 6.2 ಮತ್ತು 5.6. ಓದಲು ಬಾರದಿದ್ದರೆ ಓದಿ ಹೇಳು. ಅಪ್ಪನ ಬೆರಳಿನ ಮಾತು ನೀನು ಎತ್ತಬೇಕಾಗಿಲ್ಲ, ಅವಳೇ ಎತ್ತುತ್ತಾಳೆ.

ಮದುವೆ ಪಂಕ್ತಿಯಲ್ಲಿ ಕೂತವರದು ಬರವೂ ಅಲ್ಲ, ಮರುಕವೂ ಅಲ್ಲ. ಅವರಿಗೆ ಬಸ್ಸಿನಲ್ಲಿ ವಾಪಸ್ ಹೋಗುವಾಗ ಮಾತಾಡಲು ಒಂದು ವಿಷಯ ಬೇಕಿತ್ತು. ಕಾರಣ ಹೇಳಲು ಹೋಗಬೇಡ. ಕಾರಣ ಹೇಳಿದಷ್ಟೂ ಪ್ರಶ್ನೆ ಹುಟ್ಟುತ್ತವೆ. ‘ಆರಾಮ ಅದೀನ್ರಿ. ನಿಮ್ಮ ಮಂಡಿ ನೋವು ಹೆಂಗೈತ್ರಿ ಈಗ?’ ಅನ್ನು. ಐವತ್ತು ದಾಟಿದ ಯಾರಿಗಾದರೂ ಮಂಡಿ ನೋವು ಇದ್ದೇ ಇರುತ್ತದೆ, ಆಮೇಲೆ ಇಪ್ಪತ್ತು ನಿಮಿಷ ಅವರದೇ. ಆಫೀಸಿನ ಪೌಡರ್ ಪ್ರಶ್ನೆಗೆ ‘ಹುಣಸಿಬೀಜ’ ಅಂತ ಹೇಳಿ ನಕ್ಕುಬಿಡು. ಅರೆದು ಕುಡಿದರೂ ಕುಡಿಯಬಹುದು ಕೆಲವರು, ಅದಕ್ಕೆ ನಾನು ಜವಾಬ್ದಾರಳಲ್ಲ. ಪೇಡೆ ಡ್ರಾಯರಿನಲ್ಲಿ ಮುಚ್ಚಿಡುವುದು ಮಾತ್ರ ಬಿಡು. ಎಲ್ಲರೆದುರಿಗೇ ಮುರಿದು ಒಂದು ಚೂರು ಬಾಯಿಗೆ ಹಾಕಿಕೊಂಡು, ಉಳಿದದ್ದನ್ನು ‘ಮಗಳಿಗೆ’ ಅಂತಲೋ ‘ಮನೀಗೆ’ ಅಂತಲೋ ಎತ್ತಿಡು. ಧಾರವಾಡದವಳಾಗಿ ಪೇಡೆ ಪೂರ್ತಿ ಬಿಡು ಅಂತ ಹೇಳಲು ನನಗೂ ಬಾಯಿ ಬರುವುದಿಲ್ಲ.

ಅತ್ತೆಯ ನಗು ಕಷ್ಟದ್ದು, ಒಪ್ಪುತ್ತೇನೆ. ಆದರೆ ಒಂದು ಮಾತು ಅವರ ಕಡೆಯಿಂದ ಯೋಚಿಸು. ಮೂವತ್ತು ವರ್ಷ ಅವರ ಕೈಯಡಿಗೆಗೆ ‘ಬ್ಯಾಡ’ ಅಂದವರಿರಲಿಲ್ಲ. ಪಂಚಮಿಗೆ ನಾಲ್ಕು ದಿನ ಮೊದಲಿನಿಂದ ಎಳ್ಳು ಹುರಿದು, ಶೇಂಗಾ ಸಿಪ್ಪೆ ತೂರಿ, ಬೆಲ್ಲದ ಪಾಕ ಹಿಡಿದು ಐದು ತರದ ಉಂಡಿ ಕಟ್ಟಿದ ಕೈ ಅದು. ನೀನು ಉಂಡಿ ಬಿಟ್ಟದ್ದು ಅವರಿಗೆ ಉಂಡಿ ಬಿಟ್ಟ ಹಾಗೆ ಕಂಡಿಲ್ಲ. ಅವರ ದುಡಿಮೆಯೂ ನಿನ್ನದರ ಹಾಗೆ ಯಾರ ಕಣ್ಣಿಗೂ ಬೀಳುವುದಿಲ್ಲ. ಹೀಗೆ ಮಾಡಿ ನೋಡು: ಮುಂದಿನ ಹಬ್ಬಕ್ಕೆ ಉಂಡಿ ಕಟ್ಟಲು ಅವರ ಮಗ್ಗುಲಿಗೆ ಕೂಡು, ಮತ್ತು ಬಡಿಸುವ ಕೆಲಸ ನೀನೇ ತಗೋ. ಇದು ನಾನು 2006ರಲ್ಲಿ ಕಂಡುಕೊಂಡ ಉಪಾಯ. ಕೂತು ಉಣ್ಣುವವರ ತಾಟಿನ ಮೇಲೆ ಹತ್ತು ಕಣ್ಣು ಇರುತ್ತವೆ. ಬಡಿಸುವವಳು ಎಷ್ಟು ಉಂಡಳು, ಏನು ಉಂಡಳು ಅಂತ ನಮ್ಮ ಕಡೆ ಇವತ್ತಿನವರೆಗೂ ಯಾರೂ ಕೇಳಿಲ್ಲ. ಅದೊಂದು ಅನ್ಯಾಯವೇ, ಆದರೆ ನಿನ್ನ ಉಪಯೋಗಕ್ಕೆ ಬರುವ ಅನ್ಯಾಯ. ಆಮೇಲೆ ಅತ್ತೆಗೆ ‘ಎರಡು ಉಂಡಿ ನನಗ ತೆಗೆದಿಡ್ರಿ, ನಾಳೆ ಆಫೀಸಿಗೆ ಒಯ್ತೀನಿ’ ಅನ್ನು. ಡಬ್ಬಿಗೆ ಅವರೇ ತುಂಬಲಿ.

ಮೂರು ದಿನ ಎಲ್ಲರ ಹಾಗೆ ಉಂಡೆ, ಜೋಕಾಲಿ ಆಡಿದೆ ಅಂದೆಯಲ್ಲ, ಅದನ್ನು ತಪ್ಪಿನ ಪಟ್ಟಿಯಲ್ಲಿ ಯಾಕೆ ಬರೆದೆ? ಅದನ್ನು ಅಲ್ಲಿಂದ ಹೊಡೆದುಹಾಕು.

ಕೊನೆಗೆ ಕುಪ್ಪಸ. ನಗುವ ಪ್ರಶ್ನೆ ಅಲ್ಲ ಅದು. 2007ರಲ್ಲಿ ನಾನೂ ಹನ್ನೊಂದು ಕುಪ್ಪಸ ಕೈಚೀಲಕ್ಕೆ ತುಂಬಿಕೊಂಡು ಲೈನ್ ಬಜಾರಿನ ಒಬ್ಬ ಟೇಲರ್ ಹತ್ತಿರ ಹೋಗಿದ್ದೆ. ವಯಸ್ಸಾದವರು. ಕೊರಳಲ್ಲಿ ಟೇಪು, ಚಷ್ಮಾದ ಒಂದು ಕಾಲಿಗೆ ದಾರ ಸುತ್ತಿತ್ತು. ಒಂದೊಂದನ್ನೇ ಒಳಹೊರಗೆ ತಿರುವಿ ನೋಡಿ, ‘ಬಾಯಾರ, ಒಳಗಿನ ಅರಿವಿ ಕತ್ತರಸೂದಿಲ್ಲ, ಹಂಗ ಮಡಚಿ ಟಾಕಾ ಹಾಕತೀನಿ’ ಅಂದರು.

ನನಗೆ ಸಿಟ್ಟು ಬಂತು. ‘ಯಾಕ, ಮತ್ತ ದಪ್ಪ ಆಗತೀನಿ ಅಂತೇನು?’

‘ಹಂಗಲ್ರೀ. ಅರಿವಿ ಚಲೋ ಐತಿ. ಒಮ್ಮೆ ಕತ್ತರಿ ಹಾಕಿದ್ರ ಹೋತು.’

2009ರ ಹೊತ್ತಿಗೆ ನಾನು 77ಕ್ಕೆ ಬಂದಿದ್ದೆ. ಇದೇ ಆ ‘ಮುಂದಿನದು’. ಆ ಟಾಕಾಗಳನ್ನು ಟೇಲರ್ ಹತ್ತಿರ ಒಯ್ಯಲು ನಾಚಿಕೆಯಾಗಿ, ಕೋಣೆಯ ಬಾಗಿಲು ಹಾಕಿಕೊಂಡು ಬ್ಲೇಡಿನಿಂದ ನಾನೇ ಬಿಚ್ಚಿದೆ. ಈಗ 72ರ ಆಸುಪಾಸು ಇದ್ದೇನೆ, ಬಹಳ ವರ್ಷದಿಂದ. ಅವುಗಳಲ್ಲಿ ನಾಲ್ಕು ಇನ್ನೂ ತೊಡುತ್ತೇನೆ. ಒಳಗೆ ನೋಡಿದರೆ ಎರಡು ಸಾಲು ಹಳೆಯ ಹೊಲಿಗೆಯ ತೂತು ಕಾಣುತ್ತವೆ, ಈಗಿನ ಹೊಲಿಗೆ ಅವೆರಡರ ನಡುವೆ ಇದೆ.

ಹದಿನಾಲ್ಕರಲ್ಲಿ ಚಲೋ ಎಂಟು ಆರಿಸಿಕೋ. ಇಳಕಲ್ ಸೀರೆಯ ಮೇಲಿನ ಗುಳೇದಗುಡ್ಡ ಖಣದ್ದು ಇದ್ದರೆ ಅದು ಮೊದಲು. ಉಳಿದವನ್ನು ಕೊಟ್ಟುಬಿಡು. ಆ ಎಂಟನ್ನು ಟೇಲರ್ ಕೈಗೆ ಕೊಡುವಾಗಲೇ ಹೇಳು, ಒಳಗಿನ ಅರಿವೆಗೆ ಕತ್ತರಿ ಹಾಕಬೇಡ, ಮಡಚಿ ಹೊಲಿ ಅಂತ. ಯಾಕೆ ಅಂತ ಅವರು ಕೇಳುವುದಿಲ್ಲ.